ಒಂದು ಸಾಲಿನ ಹ್ಯೂಯೆನ್ ತ್ಸಾಂಗ್

ಕಳೆದ ವರ್ಷ ಆಗಸ್ಟ್‌ನಲ್ಲಿ ನಾವು ನಾಲ್ಕು ಜನ ನಾಸಿಕ್‌ನಿಂದ ಬೈಕ್ ಮೇಲೆ ಲಡಾಖ್‌ಗೆ ಹೋಗಿ ಬಂದೆವು. ನಾಲ್ವರೂ ಇಲ್ಲಿನ ಅಂಬಡ ಎಂಐಡಿಸಿಯಲ್ಲಿ ಕೆಲಸ ಮಾಡುವವರು. ಮೂವರು ಮರಾಠಿಗರು, ಬಾದಾಮಿ ಕಡೆಯವನು ನಾನೊಬ್ಬನೇ. ಎರಡು ಡೇರೆ, ಸ್ಲೀಪಿಂಗ್ ಬ್ಯಾಗು, ಸಣ್ಣ ಗ್ಯಾಸ್ ಸ್ಟವ್, ಪಂಕ್ಚರ್ ಕಿಟ್, ಎರಡು ಕ್ಯಾನ್ ಪೆಟ್ರೋಲ್, ಇಷ್ಟರ ಜತೆಗೆ ನನ್ನ ಬೈಕಿನ ಹಿಂದೆ ಅವ್ವ ಕಳಿಸಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಯೂ ಇತ್ತು. ಮನಾಲಿ ದಾಟುವ ಹೊತ್ತಿಗೆ ರೊಟ್ಟಿ ಅರ್ಧ ಪುಡಿಯಾಗಿದ್ದವು. ಚಟ್ನಿಯ ಜತೆ ಅದನ್ನೂ ಚಮಚದಲ್ಲಿ ತಿಂದೆವು.

ಬಾರಲಾಚಾ ಘಾಟಿ ಇಳಿದು ಸರ್ಚು ಬಯಲಿನಲ್ಲಿ ಡೇರೆ ಹಾಕಿದ ರಾತ್ರಿಯನ್ನು ನಾನು ಮರೆಯುವುದಿಲ್ಲ. ಸಮುದ್ರ ಮಟ್ಟದಿಂದ 4,200 ಮೀಟರಿಗೂ ಹೆಚ್ಚು ಎತ್ತರ. ತಲೆ ಸಿಡಿಯುತ್ತಿತ್ತು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಎದ್ದು ಕೂತರೆ ಚಳಿ. ಗಾಳಿಗೆ ಡೇರೆಯ ಬಟ್ಟೆ ರಾತ್ರಿಯಿಡೀ ಪಟಪಟ ಎನ್ನುತ್ತಿತ್ತು. ಗಡಿ ರಸ್ತೆ ಸಂಸ್ಥೆಯವರು ಮಾಡಿಟ್ಟ ಡಾಂಬರು ರಸ್ತೆ, ಜೇಬಿನಲ್ಲಿ ಮಾತ್ರೆ, ಮುಂದಿನ ಊರಿನಲ್ಲಿ ಪೆಟ್ರೋಲ್ ಬಂಕ್ ಇರುವ ಭರವಸೆ, ಇಷ್ಟೆಲ್ಲ ಇದ್ದೂ ನಮ್ಮ ಪಾಡು ಹೀಗೆ. ಹಾಗಾದರೆ ಹಿಂದಿನ ಕಾಲದವರು ಈ ಗುಡ್ಡಗಳ ಆಚೆಯಿಂದ ಹೇಗೆ ಬರುತ್ತಿದ್ದರು ಎಂದು ಒಬ್ಬ ಗೆಳೆಯ ಕೇಳಿದ. ನನ್ನ ಬಾಯಿಗೆ ಬಂದ ಹೆಸರು ಹ್ಯೂಯೆನ್ ತ್ಸಾಂಗ್.

ಆಗ ಒಂದು ತಮಾಷೆ ನಡೆಯಿತು. ಅವನು ನಮ್ಮ ಮಹಾರಾಷ್ಟ್ರಕ್ಕೆ ಬಂದಿದ್ದ ಎಂದು ಮೂವರೂ ಒಟ್ಟಿಗೆ ಹೇಳಿದರು. ಅಲ್ಲ, ನಮ್ಮ ಪುಲಿಕೇಶಿಯ ರಾಜ್ಯಕ್ಕೆ ಬಂದಿದ್ದ ಎಂದು ನಾನು. ತಲೆನೋವಿನಲ್ಲೂ ಹತ್ತು ನಿಮಿಷ ವಾದ ಮಾಡಿದೆವು. ಅವರ ಪಠ್ಯಪುಸ್ತಕದಲ್ಲೂ ಒಂದೇ ಸಾಲು, ನನ್ನದರಲ್ಲೂ ಒಂದೇ ಸಾಲು. ಆ ಎರಡು ಸಾಲೂ ಒಂದೇ ಸಂಗತಿಯವು ಎಂಬುದು ನಾಸಿಕ್‌ಗೆ ಮರಳಿ ಓದತೊಡಗಿದ ಮೇಲೆ ತಿಳಿಯಿತು. ಬಾದಾಮಿಯಲ್ಲಿ ಬೆಳೆದವರಿಗೆ ಇಮ್ಮಡಿ ಪುಲಿಕೇಶಿ ಎಂದರೆ ಮನೆಯ ಹಿರಿಯನಿದ್ದ ಹಾಗೆ. ಆ ಹಿರಿಯನ ಹೊಗಳಿಕೆಗೆ ಸಾಕ್ಷಿ ಹೇಳಲು ಬಂದ ಚೀನಾದವನಾಗಿ ಮಾತ್ರ ಹ್ಯೂಯೆನ್ ತ್ಸಾಂಗ್ ನನಗೆ ಗೊತ್ತಿದ್ದ. ಅವನಿಗೂ ಊರು, ಅಣ್ಣ, ಅಕ್ಕ, ಹೆದರಿಕೆ ಇದ್ದವು ಎಂದು ಯಾವ ಪಾಠವೂ ಹೇಳಿರಲಿಲ್ಲ.

ಅವನು ಹುಟ್ಟಿದ್ದು 602ರ ಸುಮಾರಿಗೆ, ಚೀನಾದ ಲೋಯಾಂಗ್ ನಗರದ ಹತ್ತಿರದ ಹಳ್ಳಿಯಲ್ಲಿ. ಮನೆತನದ ಹೆಸರು ಚೆನ್. ನಾಲ್ವರು ಗಂಡುಮಕ್ಕಳಲ್ಲಿ ಇವನೇ ಕಿರಿಯ. ಎರಡನೆಯ ಅಣ್ಣ ಆಗಲೇ ಬೌದ್ಧ ಭಿಕ್ಷುವಾಗಿದ್ದ. ಅವನ ಹಿಂದೆಯೇ ಹೋದ ಈ ಹುಡುಗನನ್ನು ವಯಸ್ಸು ಸಾಲದಿದ್ದರೂ ಹದಿಮೂರಕ್ಕೇ ಮಠಕ್ಕೆ ಸೇರಿಸಿಕೊಂಡರು. ಅಷ್ಟರಲ್ಲಿ ಸುಯಿ ರಾಜವಂಶ ಕುಸಿದು ದೇಶದ ತುಂಬ ಕೊಲೆ, ಸುಲಿಗೆ. ಅಣ್ಣ ತಮ್ಮ ಇಬ್ಬರೂ ಜೀವ ಉಳಿಸಿಕೊಳ್ಳಲು ಚಾಂಗ್‌ಆನ್‌ಗೆ, ಅಲ್ಲಿಂದ ಸಿಚುವಾನ್‌ಗೆ ಓಡಿದರು. ಇಪ್ಪತ್ತರ ಹೊತ್ತಿಗೆ ಅವನು ಪೂರ್ಣ ದೀಕ್ಷೆ ಪಡೆದ ವಿದ್ವಾಂಸ. ಅವನನ್ನು ಕಾಡಿದ್ದು ಒಂದೇ ತೊಡಕು: ಒಂದೇ ಶಾಸ್ತ್ರವನ್ನು ಒಬ್ಬೊಬ್ಬ ಗುರು ಒಂದೊಂದು ರೀತಿ ಹೇಳುತ್ತಿದ್ದರು, ಕೈಯಲ್ಲಿದ್ದ ಚೀನೀ ಅನುವಾದಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಮೂಲ ಗ್ರಂಥ ನೋಡಬೇಕು, ವಿಶೇಷವಾಗಿ ಯೋಗಾಚಾರಭೂಮಿ ಶಾಸ್ತ್ರ ಓದಬೇಕು ಎಂದರೆ ಭಾರತಕ್ಕೇ ಹೋಗಬೇಕು.

ಹೊಸದಾಗಿ ಬಂದಿದ್ದ ತಾಂಗ್ ಸರ್ಕಾರ ಗಡಿ ಮುಚ್ಚಿತ್ತು. ಉತ್ತರದ ತುರುಕರೊಡನೆ ಯುದ್ಧದ ಭಯ. ಅವನು ಅನುಮತಿ ಕೇಳಿದ, ಸಿಗಲಿಲ್ಲ. ಅವನ ಜತೆ ಅರ್ಜಿ ಹಾಕಿದ್ದವರು ಸುಮ್ಮನಾದರು, ಇವನು ಸುಮ್ಮನಾಗಲಿಲ್ಲ. 629ರಲ್ಲಿ, ಕೆಲವರ ಲೆಕ್ಕದಲ್ಲಿ 627ರಲ್ಲಿ, ಚಾಂಗ್‌ಆನ್ ಬಿಟ್ಟ. ಆ ವರ್ಷ ಹಿಮ ಬಿದ್ದು ಬೆಳೆ ಹಾಳಾಗಿ, ಜನ ಎಲ್ಲಿ ಅನ್ನ ಸಿಗುತ್ತದೋ ಅಲ್ಲಿಗೆ ಗುಳೆ ಹೋಗಬಹುದು ಎಂದು ಸರ್ಕಾರವೇ ಹೇಳಿತ್ತು. ಆ ಗುಂಪಿನಲ್ಲಿ ಸೇರಿಕೊಂಡು ಇವನೂ ಹೊರಟ. ನಮ್ಮ ಕಡೆ ಬರ ಬಿದ್ದಾಗ ಗಂಟು ಮೂಟೆ ಕಟ್ಟಿಕೊಂಡು ಪುಣೆ, ಗೋವಾಕ್ಕೆ ಹೊರಡುವವರನ್ನು ನೋಡಿದವನು ನಾನು. ಆ ಗುಂಪಿನಲ್ಲಿ ಒಬ್ಬ ಭಿಕ್ಷು ತಲೆ ತಗ್ಗಿಸಿ ನಡೆಯುತ್ತಿದ್ದುದನ್ನು ಸುಲಭವಾಗಿ ಊಹಿಸಬಲ್ಲೆ.

ಮುಂದಿನದನ್ನು ಓದುವಾಗ ನನಗೆ ಅಚ್ಚರಿಯಾದದ್ದು ಅವನ ಧೈರ್ಯಕ್ಕಿಂತ ಅವನಿಗಾಗಿ ನಿಯಮ ಮುರಿದವರ ಸಾಲು. ಲಿಯಾಂಗ್‌ಝೌ ಎಂಬಲ್ಲಿ ಅಧಿಕಾರಿ ಹಿಂದಿರುಗು ಎಂದು ಆಜ್ಞೆ ಮಾಡಿದ. ಅಲ್ಲಿನ ಹಿರಿಯ ಭಿಕ್ಷುವೊಬ್ಬ ಗುಟ್ಟಾಗಿ ಇಬ್ಬರು ಶಿಷ್ಯರನ್ನು ಜತೆಗೆ ಕೊಟ್ಟು ಕಳಿಸಿದ. ಹಗಲು ಅಡಗಿ, ರಾತ್ರಿ ನಡೆದರು. ಗುವಾಝೌ ತಲುಪುವ ಹೊತ್ತಿಗೆ ಕುದುರೆ ಸತ್ತಿತ್ತು, ಅವನನ್ನು ಹಿಡಿಯಿರಿ ಎಂಬ ಸರ್ಕಾರಿ ಓಲೆಯೂ ಹಿಂದೆಯೇ ಬಂತು. ಆ ಓಲೆ ಕೈಗೆ ಬಂದ ಅಧಿಕಾರಿ ಅದನ್ನು ಇವನ ಎದುರೇ ಹರಿದು ಹಾಕಿ, ಬೇಗ ಹೊರಡು ಎಂದ. ಆ ಅಧಿಕಾರಿಯ ಹೆಸರು ಲಿ ಚಾಂಗ್. ಇತಿಹಾಸದಲ್ಲಿ ಅವನ ಕೆಲಸ ಅಷ್ಟೇ, ಒಂದು ಕಾಗದ ಹರಿದದ್ದು. ಸರ್ಕಾರಿ ಕಚೇರಿಗಳಲ್ಲಿ ಕಾಗದ ಹಿಡಿದು ಅಲೆದವರಿಗೆ ಇದರ ಬೆಲೆ ಗೊತ್ತು.

ಅಲ್ಲಿಂದ ದಾರಿ ತೋರಿಸಲು ಒಬ್ಬ ಸ್ಥಳೀಯ ಸಿಕ್ಕ. ಅವನ ಜತೆ ಬಂದ ಮುದುಕನೊಬ್ಬ ತನ್ನ ಬಡಕಲು ಕೆಂಪು ಕುದುರೆಯನ್ನು ತೋರಿಸಿ, ಇದು ಹದಿನೈದು ಸಲ ಈ ಮರುಭೂಮಿ ದಾಟಿದೆ, ನಿನ್ನ ಒಳ್ಳೆಯ ಕುದುರೆ ದಾರಿ ಕಾಣದು ಎಂದ. ಕುದುರೆ ಅದಲು ಬದಲಾಯಿತು. ಆದರೆ ದಾರಿ ತೋರಿಸಬೇಕಾದವನು ನದಿ ದಾಟಿದ ರಾತ್ರಿಯೇ ಹೆದರಿದ. ಮಲಗಿದ್ದ ಹ್ಯೂಯೆನ್ ತ್ಸಾಂಗ್ ಕಣ್ಣು ತೆರೆದರೆ ಆತ ಚಾಕು ಹಿಡಿದು ಹತ್ತಿರ ಬರುತ್ತಿದ್ದಾನೆ. ಹತ್ತಿರ ಬಂದವನು ಹಾಗೇ ಹಿಂದೆ ಸರಿದ. ಸಿಕ್ಕಿಬಿದ್ದರೆ ತನ್ನ ಮನೆಯವರಿಗೆ ಶಿಕ್ಷೆ ಎಂಬ ಭಯ ಅವನದು. ಬೆಳಿಗ್ಗೆ ಅವನನ್ನು ಬಿಟ್ಟುಕೊಟ್ಟು ಭಿಕ್ಷು ಒಬ್ಬನೇ ಹೊರಟ.

ಮರಳಿನಲ್ಲಿ ಒಂದರ ಹಿಂದೊಂದು ಐದು ಕಾವಲು ಗೋಪುರ. ನೀರು ಇರುವುದು ಗೋಪುರದ ಬುಡದಲ್ಲಿ ಮಾತ್ರ, ಆದ್ದರಿಂದ ಕದ್ದು ಹೋಗುವಂತೆಯೂ ಇಲ್ಲ. ಮೊದಲ ಗೋಪುರದ ಬಳಿ ರಾತ್ರಿ ನೀರು ತುಂಬುವಾಗ ಬಾಣವೊಂದು ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂತು. ತಾನು ರಾಜಧಾನಿಯಿಂದ ಬಂದ ಭಿಕ್ಷು ಎಂದು ಕೂಗಿ ಹೇಳಿದ. ಅಲ್ಲಿನ ನಾಯಕ ವಿಚಾರಿಸಿ, ಊಟ ಹಾಕಿ, ನಾಲ್ಕನೆಯ ಗೋಪುರದಲ್ಲಿದ್ದ ತನ್ನ ಸಂಬಂಧಿಕನ ಹೆಸರು ಹೇಳಿ ಕಳಿಸಿದ. ಆ ಸಂಬಂಧಿಕ, ಐದನೆಯ ಗೋಪುರದವನು ಒರಟ, ಅತ್ತ ಹೋಗಬೇಡ, ಬಳಸಿಕೊಂಡು ಕಾಡುಕುದುರೆಗಳ ಬುಗ್ಗೆ ಎಂಬ ನೀರಿನ ತಾಣಕ್ಕೆ ಹೋಗು ಎಂದ.

ಆ ಬುಗ್ಗೆ ಸಿಗಲಿಲ್ಲ. ನೀರು ಕುಡಿಯಲು ಚರ್ಮದ ಚೀಲ ಎತ್ತಿದವನ ಕೈ ಜಾರಿ, ಇದ್ದ ನೀರೆಲ್ಲ ಮರಳಿಗೆ ಹೋಯಿತು. ದಾರಿಯೂ ತಪ್ಪಿತ್ತು. ಭಾರತ ತಲುಪುವವರೆಗೆ ಪೂರ್ವಕ್ಕೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ ಎಂದು ಅವನು ಆಣೆ ಮಾಡಿಕೊಂಡಿದ್ದ. ಆ ಕ್ಷಣದಲ್ಲಿ ಆಣೆ ಮುರಿಯಿತು. ನಾಲ್ಕನೆಯ ಗೋಪುರದ ಕಡೆಗೆ, ಪೂರ್ವಕ್ಕೆ, ಹತ್ತು ಲಿ ದೂರ ವಾಪಸು ನಡೆದ. ಲಿ ಎಂದರೆ ಸುಮಾರು ಅರ್ಧ ಕಿಲೋಮೀಟರು ಎಂದುಕೊಳ್ಳಿ. ಆಮೇಲೆ ನಿಂತ. ಮತ್ತೆ ಪಶ್ಚಿಮಕ್ಕೆ ತಿರುಗಿದ. ಅವನ ಶಿಷ್ಯ ಹುಯಿಲಿ ಬರೆದ ಜೀವನಚರಿತ್ರೆಯಲ್ಲಿ ಆ ಹತ್ತು ಲಿ ಹಿಂದಕ್ಕೆ ನಡೆದದ್ದನ್ನು ಮುಚ್ಚಿಡದೆ ಹೇಳಿದ್ದಾನೆ. ನನಗೆ ಇಡೀ ಪುಸ್ತಕದಲ್ಲಿ ಅತ್ಯಂತ ಇಷ್ಟವಾದ ಜಾಗ ಅದು.

ನಾಲ್ಕು ರಾತ್ರಿ, ಐದು ಹಗಲು ಒಂದು ಹನಿ ನೀರಿಲ್ಲ. ಕೊನೆಗೆ ಮನುಷ್ಯ, ಕುದುರೆ ಇಬ್ಬರೂ ಮರಳಿನಲ್ಲಿ ಬಿದ್ದರು. ಐದನೆಯ ರಾತ್ರಿ ತಂಗಾಳಿ ಬಂದಾಗ ಎದ್ದು ನಾಲ್ಕು ಹೆಜ್ಜೆ ಹೋಗುತ್ತಲೇ ಆ ಬಡಕಲು ಕುದುರೆ ಲಗಾಮಿಗೆ ಬಗ್ಗದೆ ಬೇರೆ ದಿಕ್ಕಿಗೆ ಎಳೆಯಿತು. ಅಲ್ಲಿ ಹುಲ್ಲು, ಅದರಾಚೆ ನೀರು. ಎರಡು ದಿನ ಬಿಟ್ಟು ಅವರು ಹಾಮಿ ಓಯಸಿಸ್ ತಲುಪಿದರು.

ಮುಂದೆ ತುರ್ಫಾನ್ ಹತ್ತಿರ ಗಾವೊಚಾಂಗ್ ಎಂಬ ಸಣ್ಣ ರಾಜ್ಯ. ಅದರ ರಾಜ ಛು ವೆನ್‌ತಾಯ್‌ಗೆ ಈ ಭಿಕ್ಷು ಎಷ್ಟು ಇಷ್ಟವಾದನೆಂದರೆ, ನೀನು ಇಲ್ಲೇ ಇರು, ಹೋಗಗೊಡುವುದಿಲ್ಲ ಎಂದು ಹಿಡಿದಿಟ್ಟ. ಹ್ಯೂಯೆನ್ ತ್ಸಾಂಗ್ ಊಟ ಬಿಟ್ಟ. ಮೂರು ದಿನ ನೀರನ್ನೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಅವನ ಉಸಿರು ಕ್ಷೀಣಿಸಿದ್ದು ಕಂಡು ರಾಜ ಸೋತ. ಒಂದು ತಿಂಗಳು ಪಾಠ ಹೇಳಬೇಕು, ಭಾರತದಿಂದ ಮರಳುವಾಗ ಮೂರು ವರ್ಷ ಇಲ್ಲಿರಬೇಕು ಎಂದು ಮಾತು ತೆಗೆದುಕೊಂಡ. ಆಮೇಲೆ ಅವನು ಕೊಟ್ಟದ್ದನ್ನು ನೋಡಿ: 30 ಕುದುರೆ, 25 ಆಳು, ಇಪ್ಪತ್ತು ವರ್ಷಕ್ಕೆ ಸಾಲುವಷ್ಟು ಬಟ್ಟೆ, ಚಿನ್ನ, ಬೆಳ್ಳಿ, ದಾರಿಯುದ್ದದ ರಾಜ್ಯಗಳಿಗೆ 24 ಪತ್ರ, ಪ್ರತಿ ಪತ್ರದ ಜತೆ ರೇಷ್ಮೆಯ ಥಾನು. ಕದ್ದು ಹೊರಟಿದ್ದವನು ಇನ್ನು ಮುಂದೆ ರಾಜನ ಅತಿಥಿ.

ಆದರೆ ಹಿಮಕ್ಕೆ ರಾಜನ ಪತ್ರ ತೋರಿಸಲಾಗದಲ್ಲ. ತಿಯಾನ್‌ಶಾನ್ ಪರ್ವತ ದಾಟಲು ಏಳು ದಿನ ಬೇಕಾಯಿತು. ಕೂರಲು, ಮಲಗಲು ಒಣಗಿದ ಜಾಗ ಎಲ್ಲೂ ಇಲ್ಲ. ಒಂದರ ಮೇಲೊಂದು ತುಪ್ಪಳದ ಬಟ್ಟೆ ಹಾಕಿದರೂ ನಡುಕ. ಪಾತ್ರೆಯನ್ನು ತೂಗುಹಾಕಿ ಅಡುಗೆ ಮಾಡಬೇಕು, ಮಂಜುಗಡ್ಡೆಯ ಮೇಲೆ ಚಾಪೆ ಹಾಸಿ ಮಲಗಬೇಕು. ಹತ್ತರಲ್ಲಿ ಮೂರ್ನಾಲ್ಕು ಜನ ಹಸಿವು, ಚಳಿಗೆ ಸತ್ತರು. ಎತ್ತು, ಕುದುರೆಗಳು ಇನ್ನೂ ಹೆಚ್ಚು. ಸರ್ಚುವಿನ ಆ ರಾತ್ರಿ ಕಳೆದ ಮೇಲೆ ಈ ಭಾಗ ಓದಿದ್ದರಿಂದ ಪಾತ್ರೆ ತೂಗುಹಾಕುವ ಮಾತು ನನಗೆ ಕೂಡಲೇ ಅರ್ಥವಾಯಿತು. ನಾವೂ ಸ್ಟವ್ ಇಡಲು ಒಣ ಕಲ್ಲು ಹುಡುಕಿ ಕೊನೆಗೆ ಬೈಕಿನ ಪೆಟ್ಟಿಗೆಯ ಮೇಲಿಟ್ಟು ಮ್ಯಾಗಿ ಬೇಯಿಸಿದ್ದೆವು. ಸತ್ತ ಆ ಆಳುಗಳ ಹೆಸರು ಎಲ್ಲೂ ಇಲ್ಲ. ಗಾವೊಚಾಂಗ್‌ನ ರಾಜ ಕೊಟ್ಟ ಸಾಮಾನಿನ ಪಟ್ಟಿಯಲ್ಲಿ ಕುದುರೆಗಳ ಜತೆ ಅವರೂ ಒಂದು ಸಂಖ್ಯೆ.

ಅಲ್ಲಿಂದ ಇಸ್ಸಿಕ್ ಕುಲ್ ಸರೋವರ, ಸಮರ್ಕಂದ್, ಬಲ್ಖ್, 2001ರಲ್ಲಿ ಸಿಡಿಸಿ ಕೆಡವಿದ ಬಾಮಿಯಾನ್ ಬುದ್ಧರ ಕಣಿವೆ, ಗಾಂಧಾರ. ಕಾಶ್ಮೀರದಲ್ಲಿ ಎರಡು ವರ್ಷ ಓದಿದ. ಗಂಗೆಯಲ್ಲಿ ದೋಣಿಯಲ್ಲಿ ಹೋಗುವಾಗ ದರೋಡೆಕೋರರು ಇವನ ಮೈಕಟ್ಟು ಮೆಚ್ಚಿ ದುರ್ಗೆಗೆ ಬಲಿ ಕೊಡಲು ಆರಿಸಿದರು. ಬಿರುಗಾಳಿ ಎದ್ದು ಹೆದರಿ ಬಿಟ್ಟರು. ನಾಲಂದಾದಲ್ಲಿ ವೃದ್ಧ ಗುರು ಶೀಲಭದ್ರನ ಬಳಿ ಕೂತು, ತಾನು ಯಾವುದಕ್ಕಾಗಿ ಮನೆ ಬಿಟ್ಟಿದ್ದನೋ ಆ ಯೋಗಾಚಾರಭೂಮಿ ಶಾಸ್ತ್ರವನ್ನು ಕೇಳಿದ. ಅಲ್ಲಿ ಅವನಿಗೆ ದಿನಾ ಕೊಡುತ್ತಿದ್ದ ಪಡಿಯಲ್ಲಿ ಕರ್ಪೂರ, ಜಾಯಿಕಾಯಿ, ಒಳ್ಳೆಯ ಅಕ್ಕಿಯ ಜತೆ 20 ಅಡಿಕೆಯೂ ಇತ್ತಂತೆ. ನಮ್ಮ ಮಲೆನಾಡಿನ ಗೆಳೆಯನೊಬ್ಬನಿಗೆ ಇದನ್ನು ಹೇಳಿದಾಗ ಅವನಿಗೆ ಇಡೀ ಕಥೆಯಲ್ಲಿ ಅದೊಂದೇ ನೆನಪುಳಿಯಿತು.

ಈಗ ನಮ್ಮ ಸಾಲಿಗೆ ಬರೋಣ. ನಾಲಂದಾದಿಂದ ಬಂಗಾಳ, ಕಳಿಂಗ, ಆಂಧ್ರದ ಮೂಲಕ ಅವನು ಕಾಂಚೀಪುರ ತಲುಪಿದ್ದು ಸುಮಾರು 640ರಲ್ಲಿ. ಸಿಂಹಳಕ್ಕೆ ಹೋಗುವ ಆಸೆಯಿತ್ತು. ಅಲ್ಲಿಂದ ಬಂದ ಭಿಕ್ಷುಗಳು ರಾಜ ಸತ್ತಿದ್ದಾನೆ, ಬರಗಾಲ ಬಿದ್ದಿದೆ ಎಂದಾಗ ಉತ್ತರಕ್ಕೆ ತಿರುಗಿದ. ಮೊದಲು ಸಿಕ್ಕಿದ್ದು ಕೊಂಕಣಪುರ ಎಂದು ಅವನು ಕರೆಯುವ ರಾಜ್ಯ. ಅದು ಬನವಾಸಿ ಎಂದು ಕೆಲವು ವಿದ್ವಾಂಸರು, ಆನೆಗೊಂದಿ ಎಂದು ಕನ್ನಿಂಗ್‌ಹ್ಯಾಮ್. ಯಾವುದಾದರೂ ನಮ್ಮದೇ ನೆಲ. ಊರಿನ ಉತ್ತರಕ್ಕೆ ತಾಳೆಮರಗಳ ಕಾಡಿತ್ತು, ಉದ್ದನೆಯ, ಹೊಳೆಯುವ ಅದರ ಗರಿಗಳನ್ನು ಎಲ್ಲ ದೇಶದವರೂ ಬರೆಯಲು ಬಳಸುತ್ತಿದ್ದರು ಎಂದು ಬರೆದಿದ್ದಾನೆ. ಗ್ರಂಥಕ್ಕಾಗಿ ಜೀವ ಪಣಕ್ಕಿಟ್ಟವನ ಕಣ್ಣು ಬಿದ್ದದ್ದು ಓಲೆಗರಿಯ ಮೇಲೆ.

ಅಲ್ಲಿಂದ ವಾಯವ್ಯಕ್ಕೆ ಮತ್ತೊಂದು ಕಾಡುದಾರಿ. ಕ್ರೂರ ಮೃಗಗಳು, ಗುಂಪು ಕಟ್ಟಿಕೊಂಡ ಕಳ್ಳರು ತುಂಬಿದ ಅರಣ್ಯದಲ್ಲಿ 2,400 – 2,500 ಲಿ ನಡೆದರೆ ಮಹಾರಾಷ್ಟ್ರ. ನಾನು ಹಬ್ಬಕ್ಕೆ ಊರಿಗೆ ಹೋಗಿ ಬರುವಾಗ ವಿಜಯಪುರ, ಸೊಲ್ಲಾಪುರದ ದಾರಿಯಲ್ಲಿ ಢಾಬಾದಲ್ಲಿ ಚಹಾ ಕುಡಿಯುತ್ತ ಒಂದೂವರೆ ದಿನದಲ್ಲಿ ದಾಟುವ ನೆಲವೂ ಹೆಚ್ಚು ಕಡಿಮೆ ಅದೇ. ಗೋಬಿ ದಾಟಿದವನಿಗೂ ನಮ್ಮ ಕಾಡು ಸುಲಭವಾಗಿರಲಿಲ್ಲ ಎಂದು ಓದಿ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳು ಹೇಳುವುದಿಲ್ಲ.

ಮಹಾರಾಷ್ಟ್ರದ ಜನರ ಬಗ್ಗೆ ಅವನು ಬರೆದದ್ದನ್ನು ಇಲ್ಲಿನ ಗೆಳೆಯರು ಬಾಯಿಪಾಠ ಒಪ್ಪಿಸುತ್ತಾರೆ. ಎತ್ತರದ ಆಳು, ಸ್ವಾಭಿಮಾನಿಗಳು, ಉಪಕಾರ ಮರೆಯದವರು, ಅಪಕಾರವನ್ನೂ ಮರೆಯದವರು. ಸೇಡು ತೀರಿಸಿಕೊಳ್ಳುವ ಮೊದಲು ಎದುರಾಳಿಗೆ ತಿಳಿಸಿಯೇ ಬರುವರು, ಶರಣಾದವನನ್ನು ಕೊಲ್ಲರು. ಸೋತು ಬಂದ ಸೇನಾಪತಿಗೆ ಬೇರೆ ಶಿಕ್ಷೆಯಿಲ್ಲ, ಹೆಂಗಸಿನ ಉಡುಪು ಕೊಡುವರು, ಅವನು ಅವಮಾನಕ್ಕೆ ತಾನೇ ಸಾಯುವನು. ಯುದ್ಧಕ್ಕೆ ಮುಂಚೆ ನೂರಾರು ವೀರರೂ ಕುಡಿಯುತ್ತಿದ್ದರು, ಆನೆಗಳಿಗೂ ಕುಡಿಸುತ್ತಿದ್ದರು. ರಾಜನ ಹೆಸರು ಪುಲಿಕೇಶಿ. ಪೂರ್ವದಿಂದ ಪಶ್ಚಿಮದವರೆಗೆ ಎಲ್ಲರನ್ನೂ ಗೆದ್ದ ಹರ್ಷವರ್ಧನ ತಾನೇ ಸೇನೆ ನಡೆಸಿ ಬಂದರೂ ಈ ಜನ ಬಗ್ಗಲಿಲ್ಲ. ಇದನ್ನು ಬರೆದವನು ಹರ್ಷನಿಂದ ಸಕಲ ಮರ್ಯಾದೆ ಪಡೆದವನು. ಆಶ್ರಯ ಕೊಟ್ಟವನ ಸೋಲನ್ನು ಮುಚ್ಚಿಡದಿರುವುದು ಸಣ್ಣ ಮಾತಲ್ಲ.

ಆದರೆ ನಮ್ಮ ಪಾಠದ ಒಂದು ಸಾಲನ್ನು ನಾನೀಗ ತಿದ್ದಿಕೊಂಡಿದ್ದೇನೆ. ಅವನು ಪುಲಿಕೇಶಿಯ ಆಸ್ಥಾನದಲ್ಲಿ ಕುಳಿತು ಸತ್ಕಾರ ಪಡೆದನೆಂದು ಮೇಷ್ಟ್ರು ಹೇಳಿದ್ದರು. ಅವನ ಗ್ರಂಥ ಸಿ-ಯು-ಕಿಯಲ್ಲಿ ರಾಜನ ವರ್ಣನೆ ಇದೆಯೇ ಹೊರತು ರಾಜನನ್ನು ಕಂಡು ಮಾತಾಡಿದ ಪ್ರಸಂಗ ಇಲ್ಲ. ಅವನು ಹೇಳುವ ರಾಜಧಾನಿಯೂ ಬಾದಾಮಿಯಂತೆ ಕಾಣುವುದಿಲ್ಲ. ಪಶ್ಚಿಮಕ್ಕೆ ದೊಡ್ಡ ನದಿ, ಒಳಗೆ ಹೊರಗೆ ಐದು ಸ್ತೂಪ. ಇಲ್ಲಿಂದ ಭರೂಚ್‌ಗೆ ಅವನು ಕೊಡುವ ದೂರವೂ ಬಾದಾಮಿಗೆ ಹೊಂದುವುದಿಲ್ಲ. ಅದು ನಾಸಿಕ್ ಆಗಿರಬೇಕು ಎಂದವನು ಜೆ. ಎಫ್. ಫ್ಲೀಟ್, ನಮ್ಮ ಶಾಸನಗಳನ್ನು ಓದಿದ, ಸಂಗೊಳ್ಳಿ ರಾಯಣ್ಣನ ಲಾವಣಿ ಸಂಗ್ರಹಿಸಿದ ಅದೇ ಫ್ಲೀಟ್. ಎಲ್ಲರೂ ಇದನ್ನು ಒಪ್ಪಿಲ್ಲ. ಆದರೆ ಭಾನುವಾರ ಬೆಳಿಗ್ಗೆ ನಾಸಿಕ್‌ನ ಪಾಂಡವಲೇಣಿ ಗುಹೆಗಳ ಮೆಟ್ಟಿಲು ಹತ್ತಿ, ಶಾತವಾಹನರ ಕಾಲದ ವಿಹಾರದ ಜಗಲಿಯಲ್ಲಿ ಕೂತು ಕೆಳಗೆ ಮುಂಬೈ–ಆಗ್ರಾ ಹೆದ್ದಾರಿಯ ಲಾರಿಗಳನ್ನು ನೋಡುವಾಗ ನನಗೆ ಫ್ಲೀಟ್ ಹೇಳಿದ್ದು ನಿಜವಾಗಿರಲಿ ಅನ್ನಿಸುತ್ತದೆ. ಬಾದಾಮಿಯ ರಾಜ ಮಳೆಗಾಲ ಬೇಸಿಗೆಯ ನಡುವೆ ಕೆಲಸದ ಮೇಲೆ ನಾಸಿಕ್‌ನಲ್ಲಿ ಬಿಡಾರ ಹೂಡಿದ್ದ ಎಂದರೆ ನಾನು ಮೊದಲಿಗನಲ್ಲ ಎಂದಾಯಿತಲ್ಲ. ಐಹೊಳೆಯ 634ರ ಶಾಸನದಲ್ಲಿ ರವಿಕೀರ್ತಿ ಪುಲಿಕೇಶಿಯನ್ನು 99,000 ಹಳ್ಳಿಗಳ ಮೂರು ಮಹಾರಾಷ್ಟ್ರಕಗಳ ಒಡೆಯ ಎಂದು ಕರೆದಿದ್ದಾನೆ. ಸರ್ಚುವಿನ ಡೇರೆಯಲ್ಲಿ ನಾವು ಮಾಡಿದ ವಾದಕ್ಕೆ ರವಿಕೀರ್ತಿ ಆಗಲೇ ಉತ್ತರ ಬರೆದಿಟ್ಟಿದ್ದ.

ಮೂಡಣ ಗಡಿಯ ಪರ್ವತದ ಕತ್ತಲ ಕಣಿವೆಯಲ್ಲಿ ಬಂಡೆ ಕೊರೆದು ಮಾಡಿದ ವಿಹಾರವೊಂದನ್ನೂ ಅವನು ವರ್ಣಿಸುತ್ತಾನೆ. ಅಚಲ ಎಂಬ ಅರ್ಹಂತ ಮಾಡಿಸಿದ್ದು, ಬಾಗಿಲಾಚೆ ಎರಡು ಕಲ್ಲಾನೆ, ಅವು ಆಗಾಗ ಘೀಳಿಟ್ಟು ನೆಲ ನಡುಗುತ್ತದೆಂದು ಜನ ಹೇಳುತ್ತಾರೆ ಎಂದು. ಕೆಲಸದ ಮೇಲೆ ತಿಂಗಳಿಗೊಮ್ಮೆ ನಾನು ಛತ್ರಪತಿ ಸಂಭಾಜಿನಗರದ ವಾಳುಂಜ್‌ಗೆ ಹೋಗಬೇಕು. ಸಮೃದ್ಧಿ ಮಹಾಮಾರ್ಗದಲ್ಲಿ ಬೈಕ್ ಬಿಡುವುದಿಲ್ಲ, ಹಾಗಾಗಿ ಯೇವಲಾ, ವೈಜಾಪುರದ ಹಳೆಯ ರಸ್ತೆ. ಲಡಾಖ್‌ನಿಂದ ಬಂದ ಮೇಲೆ ಒಂದು ಶನಿವಾರ ಕೆಲಸ ಮುಗಿಸಿ ಅಲ್ಲೇ ಉಳಿದು, ಮರುದಿನ ಸಿಲ್ಲೋಡ್ ಮೇಲೆ ನೂರು ಕಿಲೋಮೀಟರು ಹೋಗಿ ಅಜಂತಾ ನೋಡಿದೆ. 16ನೆಯ ಗುಹೆಗೆ ಹತ್ತುವ ಮೆಟ್ಟಿಲ ಬಾಗಿಲಲ್ಲಿ ಆ ಎರಡು ಆನೆಗಳಿವೆ. 26ನೆಯ ಗುಹೆಯ ಶಾಸನದಲ್ಲಿ ಸ್ಥವಿರ ಅಚಲನ ಹೆಸರಿದೆ. ಅವನು ಬರುವ ಹೊತ್ತಿಗೆ ಈ ಗುಹೆಗಳ ಕೆಲಸ ನಿಂತು ನೂರೈವತ್ತು ವರ್ಷವಾಗಿತ್ತು.

ಅಲ್ಲಿ ಒಂದನೆಯ ಗುಹೆಯ ಚಿತ್ರವೊಂದನ್ನು ತೋರಿಸಿ, ಪರ್ಷಿಯಾದ ರಾಯಭಾರಿ ಪುಲಿಕೇಶಿಯ ಆಸ್ಥಾನಕ್ಕೆ ಬಂದದ್ದು ಎಂದು ಗೈಡ್ ಹೇಳಿದ. ನಮ್ಮ ಪುಸ್ತಕದಲ್ಲೂ ಹಾಗೇ ಇತ್ತು. ಆ ಚಿತ್ರ ಪುಲಿಕೇಶಿಗಿಂತ ಹಳೆಯದು ಎಂದು ಈಗಿನ ವಿದ್ವಾಂಸರು ಹೇಳುತ್ತಾರೆ. ಗೈಡ್‌ಗೆ ನಾನು ಏನೂ ಹೇಳಲಿಲ್ಲ. ಅವನು ನನ್ನ ಊರು ಬಾದಾಮಿ ಎಂದು ಕೇಳಿದ ಮೇಲೆ ಅಷ್ಟು ಪ್ರೀತಿಯಿಂದ ತೋರಿಸಿದ್ದ.

ಮನಸ್ಸು ಕಲಕಿದ್ದು ಬೇರೆ ಒಂದು ಲೆಕ್ಕ. ಅವನು ಮಹಾರಾಷ್ಟ್ರಕ್ಕೆ ಬಂದದ್ದು ಸುಮಾರು 641. ಬಂದದ್ದು ಕಾಂಚಿಯಿಂದ, ಅಂದರೆ ಪಲ್ಲವ ನರಸಿಂಹವರ್ಮನ ಊರಿನಿಂದ. ಅಲ್ಲಿ ಅನ್ನ ಉಂಡು, ಅದೇ ಕಾಲಲ್ಲಿ ನಡೆದು ಪುಲಿಕೇಶಿಯ ನೆಲಕ್ಕೆ ಬಂದು ಇಲ್ಲಿನ ಆನೆಗಳನ್ನೂ ವೀರರನ್ನೂ ಕಂಡ. 642ರಲ್ಲಿ ಅದೇ ನರಸಿಂಹವರ್ಮ ಬಾದಾಮಿಗೆ ನುಗ್ಗಿದ, ಪುಲಿಕೇಶಿ ಉಳಿಯಲಿಲ್ಲ, ಊರು ಹದಿಮೂರು ವರ್ಷ ಪಲ್ಲವರ ಕೈಯಲ್ಲಿತ್ತು. ಬಾದಾಮಿಯ ಬಂಡೆಯ ಮೇಲೆ ಪಲ್ಲವನ ಶಾಸನ ಇಂದಿಗೂ ಇದೆ. ಚಿಕ್ಕಂದಿನಲ್ಲಿ ಅದರ ಕೆಳಗೆ ನಾವು ಆಡುತ್ತಿದ್ದೆವು. ಚಾಲುಕ್ಯ ರಾಜ್ಯ ಗಟ್ಟಿಯಾಗಿ ನಿಂತಿದ್ದ ಕೊನೆಯ ವರ್ಷವನ್ನು, ಅದು ಕೊನೆಯದು ಎಂದು ತಿಳಿಯದೆ, ಈ ಪರಊರಿನವನು ನೋಡಿ ಬರೆದಿಟ್ಟ.

ನಾಲಂದಾಕ್ಕೆ ಮರಳಿದವನನ್ನು ಊರಿಗೆ ಹೋಗಬೇಡ ಎಂದು ಭಿಕ್ಷುಗಳೆಲ್ಲ ತಡೆದರು. ಬುದ್ಧ ಹುಟ್ಟಿದ ನಾಡು ಬಿಟ್ಟು ಯಾಕೆ ಆ ಕಡೆಯ ದೇಶಕ್ಕೆ ಹೋಗುತ್ತೀ ಎಂಬುದು ಅವರ ವಾದ. ಹೊರನಾಡಿನಲ್ಲಿ ಹತ್ತು ವರ್ಷ ಕಳೆದ ಯಾರಿಗಾದರೂ ಈ ಮಾತು ಹೊಸದಲ್ಲ. ತಾನು ಕಲಿತದ್ದು ಅಲ್ಲಿಯವರಿಗೂ ಸಿಗಲಿ ಎಂದು ಅವನು ಹಟ ಹಿಡಿದ. ಕನೌಜ್‌ನಲ್ಲಿ ಹರ್ಷ ನಡೆಸಿದ ದೊಡ್ಡ ಸಭೆ, ಪ್ರಯಾಗದ ದಾನೋತ್ಸವ ಮುಗಿಸಿ 643ರಲ್ಲಿ ಹೊರಟ. ಹರ್ಷ ಆನೆಯೊಂದನ್ನು ಕೊಟ್ಟಿದ್ದ. ಸಿಂಧೂ ನದಿ ದಾಟುವಾಗ ದೋಣಿ ಅಲುಗಾಡಿ 50 ಹಸ್ತಪ್ರತಿ, ಅವನು ಕೂಡಿಟ್ಟ ಹೂವಿನ ಬೀಜಗಳು ನೀರುಪಾಲಾದವು. ಪಾಮೀರ್ ದಾಟಿದ ಮೇಲೆ ಕಳ್ಳರಿಗೆ ಬೆದರಿ ಓಡಿದ ಆನೆ ಮುಳುಗಿ ಸತ್ತಿತು. ಕಳೆದ ಗ್ರಂಥಗಳ ಪ್ರತಿ ಬೇಕೆಂದು ದಾರಿಯಲ್ಲಿ ನಿಂತು ಕಾದ.

ಗಾವೊಚಾಂಗ್‌ನ ರಾಜನಿಗೆ ಮೂರು ವರ್ಷದ ಮಾತು ಕೊಟ್ಟಿದ್ದನಲ್ಲ. ಆ ಮಾತು ಉಳಿಸಿಕೊಳ್ಳುವ ಮನಸ್ಸಿತ್ತು. ಆದರೆ 640ರಲ್ಲೇ ತಾಂಗ್ ಸೇನೆ ಆ ರಾಜ್ಯವನ್ನು ನುಂಗಿತ್ತು, ರಾಜ ಸತ್ತಿದ್ದ. ಹಾಗಾಗಿ ದಕ್ಷಿಣದ ದಾರಿಯಲ್ಲಿ ಖೋತಾನ್‌ಗೆ ಬಂದು, ಅನುಮತಿ ಇಲ್ಲದೆ ದೇಶ ಬಿಟ್ಟ ತಪ್ಪನ್ನು ಕ್ಷಮಿಸಿ ಎಂದು ಚಕ್ರವರ್ತಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾದ. ಉತ್ತರ ಬಂತು, ಬೇಗ ಬಾ ಎಂದು. 645ರ ಮೊದಲಲ್ಲಿ ಚಾಂಗ್‌ಆನ್ ತಲುಪಿದಾಗ 20 ಕುದುರೆಗಳ ಮೇಲೆ 520 ಪೆಟ್ಟಿಗೆ, 657 ಗ್ರಂಥ. ಕದ್ದು ಹೊರಟ ಊರಿನಲ್ಲಿ ಅವನನ್ನು ನೋಡಲು ಜನ ಬೀದಿ ತುಂಬ ನಿಂತಿದ್ದರು.

ಕಾವಿ ಬಿಟ್ಟು ಮಂತ್ರಿಯಾಗು ಎಂದು ಚಕ್ರವರ್ತಿ ತಾಯ್‌ಝೊಂಗ್ ಕೇಳಿದ. ಒಲ್ಲೆ ಎಂದ. ಹಾಗಾದರೆ ನೋಡಿದ ದೇಶಗಳ ಬಗ್ಗೆಯಾದರೂ ಬರೆದುಕೊಡು ಎಂದಾಗ 646ರಲ್ಲಿ ಸಿ-ಯು-ಕಿ ಸಿದ್ಧವಾಯಿತು. 138 ದೇಶಗಳು, ಅದರಲ್ಲಿ 110 ಕಣ್ಣಾರೆ ಕಂಡವು, 28 ಕೇಳಿ ತಿಳಿದವು. ಉಳಿದ ಆಯುಷ್ಯವೆಲ್ಲ ಅನುವಾದಕ್ಕೆ: 75 ಗ್ರಂಥ, 1,335 ಸಂಪುಟ. ಹನ್ನೆರಡು ಶತಮಾನದ ನಂತರ ಕನ್ನಿಂಗ್‌ಹ್ಯಾಮ್ ಮುಂತಾದವರು ಅವನ ಪುಸ್ತಕ ಹಿಡಿದು ಅವನು ಬರೆದ ದೂರ, ದಿಕ್ಕುಗಳ ಮೇಲೆಯೇ ನಮ್ಮ ನೆಲದಲ್ಲಿ ಮರೆತುಹೋಗಿದ್ದ ಊರುಗಳನ್ನು ಹುಡುಕಿದರು.

657ರಲ್ಲಿ, ಐವತ್ತೈದರ ಆಸುಪಾಸಿನಲ್ಲಿ, ಚಕ್ರವರ್ತಿಯ ಪರಿವಾರದ ಜತೆ ಲೋಯಾಂಗ್‌ಗೆ ಹೋದಾಗ ಅವನು ತನ್ನ ಹಳ್ಳಿಯ ಕಡೆ ಹೋದ. ಬಂಧುಗಳನ್ನು ವಿಚಾರಿಸಿದರೆ ಯಾರೂ ಉಳಿದಿರಲಿಲ್ಲ. ಬೇರೆ ಊರಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಒಬ್ಬಳು ಮಾತ್ರ. ಅವಳನ್ನು ಕರೆಸಿ, ಅಪ್ಪ ಅವ್ವನ ಸಮಾಧಿ ಎಲ್ಲಿದೆ ಎಂದು ಕೇಳಿದ. ಇಬ್ಬರೂ ಹುಡುಕಿಕೊಂಡು ಹೋದರು. ಗಲಾಟೆಯ ಕಾಲದಲ್ಲಿ ಅವಸರದಲ್ಲಿ ಹೂಳಿದ್ದು, ನಲವತ್ತು ವರ್ಷಕ್ಕೂ ಮೇಲಾಗಿ ಕುಸಿದು ಗಿಡಗಂಟಿ ಬೆಳೆದಿತ್ತು. ಚಕ್ರವರ್ತಿಯ ಅಪ್ಪಣೆ ಕೇಳಿ, ಎಲುಬುಗಳನ್ನು ಒಳ್ಳೆಯ ಜಾಗಕ್ಕೆ ಸಾಗಿಸಿ ಮತ್ತೆ ಸಮಾಧಿ ಮಾಡಿಸಿದ. 110 ದೇಶಗಳ ದಾರಿ ಬಲ್ಲವನಿಗೆ ತನ್ನ ಮನೆಯವರ ಸಮಾಧಿಯ ದಾರಿ ಅಕ್ಕನನ್ನು ಕೇಳಿ ತಿಳಿಯಬೇಕಾಯಿತು.

ಕೊನೆಯ ದೊಡ್ಡ ಕೆಲಸ ಮಹಾಪ್ರಜ್ಞಾಪಾರಮಿತಾ. ತುಂಬ ಉದ್ದ, ಸಂಕ್ಷೇಪ ಮಾಡೋಣ ಎಂದರು ಶಿಷ್ಯರು. ಒಂದು ಸಾಲೂ ಬಿಡದೆ 600 ಸಂಪುಟ ಮಾಡಿ 663ರಲ್ಲಿ ಮುಗಿಸಿದ. ಮರುವರ್ಷದ ಮೊದಲಲ್ಲಿ, ತನ್ನ ಕೋಣೆಯ ಹಿಂದಿನ ಸಣ್ಣ ಕಾಲುವೆ ದಾಟುವಾಗ ಕಾಲು ಜಾರಿ ಬಿದ್ದ. ಮೊಣಕಾಲ ಕೆಳಗೆ ಸ್ವಲ್ಪ ತರಚಿತು, ಅಷ್ಟೇ. ಆದರೆ ಹಾಸಿಗೆ ಹಿಡಿದವನು ಮತ್ತೆ ಏಳಲಿಲ್ಲ. 664ರ ಫೆಬ್ರುವರಿಯಲ್ಲಿ ತೀರಿಕೊಂಡ. ಗೋಬಿ, ತಿಯಾನ್‌ಶಾನ್, ಪಾಮೀರ್ ದಾಟಿದ ಕಾಲು ಅದು.

ಇದನ್ನೆಲ್ಲ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅವಳು ಪೂರಾ ಕೇಳಿ, ಆ ಅಕ್ಕ ಎಷ್ಟು ವರ್ಷ ದಾರಿ ಕಾದಿದ್ದಳಂತೆ ಎಂದು ಕೇಳಿದಳು. ಲೆಕ್ಕ ಹಾಕಿ ಹೇಳುತ್ತೇನೆ ಅಂದೆ. ದಸರೆಗೆ ಊರಿಗೆ ಹೊರಟಿದ್ದೇನೆ. ಬೈಕ್ ಬೇಡ, ರೈಲಿಗೆ ಬಾ ಅಂದಿದ್ದಾಳೆ.